ಅರಸರ ಹೆಸರಿಗೆ ಸೊನ್ನೆ

ಬಸ್ಸು ಹತ್ತುವ ಮೊದಲೇ ನಮ್ಮ ಇತಿಹಾಸದ ಮಾಸ್ತರು ಕರಾರು ಹಾಕಿಬಿಟ್ಟರು. ಐಹೊಳೆ, ಪಟ್ಟದಕಲ್ಲು, ಬಾದಾಮಿ ನೋಡಿ ಕಲಾದಗಿಗೆ ಮರಳುವಷ್ಟರಲ್ಲಿ ಪ್ರತಿಯೊಬ್ಬರ ನೋಟ್‌ಬುಕ್ಕಿನಲ್ಲೂ ಐದು ಹೆಸರು ಇರಬೇಕು. ಐದೂ ಈ ಸೀಮೆಯ ಕಲ್ಲಿಗೆ ಸಂಬಂಧಪಟ್ಟವಾಗಿರಬೇಕು. ಒಂದೂ ರಾಜನದ್ದಾಗಿರಬಾರದು. ಪುಲಿಕೇಶಿ ಅಂತ ಬರೆದರೆ ಸೊನ್ನೆ, ಮಂಗಳೇಶ ಅಂತ ಬರೆದರೂ ಸೊನ್ನೆ.

“ಮತ್ತ ಇನ್ನ್ಯಾರು ಉಳದ್ರು ಸರ್ರ?” ಅಂತ ಹಿಂದಿನಿಂದ ಒಬ್ಬ ಕೇಳಿದ.

“ಅದನ್ನ ಹುಡುಕಾಕ ಹೊಂಟೀವಿ ತಮ್ಮಾ, ಹತ್ತು.”

ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ತುಸು ಹಿಂದಿನ ಮಾತು. ಬಾಗಲಕೋಟೆ ಆಗಿನ್ನೂ ವಿಜಾಪುರ ಜಿಲ್ಲೆಯೊಳಗಿತ್ತು. ಕೋಳಿ ಕೂಗುವ ಹೊತ್ತಿಗೆ ಎದ್ದು, ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಬುತ್ತಿ ಕಟ್ಟಿಸಿಕೊಂಡು ಬಂದಿದ್ದೆವು. ತೋಟವಿದ್ದ ಮನೆಯ ಹುಡುಗರ ಚೀಲದಲ್ಲಿ ದಾಳಿಂಬೆ, ಚಿಕ್ಕು ಇದ್ದವು.

ಮಾದರಿಗೆಂದು ಮೊದಲ ಹೆಸರನ್ನು ಮಾಸ್ತರೇ ಕೊಟ್ಟರು: ರಾಬರ್ಟ್ ಬ್ರೂಸ್ ಫೂಟ್. ಭೂವಿಜ್ಞಾನ ಇಲಾಖೆಯ ಈ ಆಂಗ್ಲ ಅಧಿಕಾರಿ ನಮ್ಮ ಸೀಮೆಯ ಬಂಡೆಗಳನ್ನೆಲ್ಲ ಅಳೆದು, 1876ರಲ್ಲಿ ಅಚ್ಚಾದ ತನ್ನ ವರದಿಯಲ್ಲಿ ಅವನ್ನು ‘ಕಲಾದಗಿ ಶ್ರೇಣಿ’ ಎಂದು ಕರೆದ. ಆಗ ಕಲಾದಗಿಯೇ ಜಿಲ್ಲೆಯ ಮುಖ್ಯ ಊರು. 1880ರ ದಶಕದಲ್ಲಿ ಕಚೇರಿಗಳೆಲ್ಲ ವಿಜಾಪುರಕ್ಕೆ ಹೋದವು, ಬಂಡೆಯ ಹೆಸರು ಮಾತ್ರ ಇಲ್ಲೇ ಉಳಿಯಿತು. “ಬಾದಾಮಿ ಗುಡ್ಡಾನೂ ಭೂವಿಜ್ಞಾನದ ಪುಸ್ತಕದಾಗ ಕಲಾದಗಿ ಲೆಕ್ಕದಾಗ ಐತಿ” ಅಂದರು ಮಾಸ್ತರು. ಬಾಗಲಕೋಟೆ ದಾಟುವವರೆಗೂ ನಮಗೆ ಇದೇ ಹೆಮ್ಮೆ. ಆಮೇಲೆ ಅಮೀನಗಡದ ಕರದಂಟಿನ ಅಂಗಡಿ ಕಂಡಿತು, ಬಂಡೆ ಮರೆತುಹೋಯಿತು.

ಐಹೊಳೆಯಲ್ಲಿ ಇಳಿದ ಕೂಡಲೇ ಎಲ್ಲರೂ ದುರ್ಗಾ ಗುಡಿಯತ್ತ ಓಡಿದೆವು. ಹಿಂಭಾಗ ಅರ್ಧಚಂದ್ರದಂತೆ ಬಾಗಿದ ಆ ಗುಡಿಯ ಚಿತ್ರ ಪಠ್ಯಪುಸ್ತಕದಲ್ಲಿತ್ತು. ಅದರ ಸುತ್ತಿನ ಮೊಗಸಾಲೆಯಲ್ಲಿ ಎಷ್ಟು ಸುತ್ತಿದರೂ ನಮಗೆ ಒಂದು ಹೆಸರೂ ಸಿಗಲಿಲ್ಲ. ಕೊನೆಗೆ ಮಾಸ್ತರೇ ಸುಳಿವು ಬಿಟ್ಟುಕೊಟ್ಟರು. ಐಹೊಳೆಯ ಒಂದು ಶಾಸನದಲ್ಲಿ ನರಸೊಬ್ಬ ಎಂಬ ಕಟ್ಟಡಗಾರನ ಹೊಗಳಿಕೆ ಇದೆ. ಗುಡಿ ಕಟ್ಟುವುದರಲ್ಲಿ ಅವನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ ಎಂಬ ಧಾಟಿಯ ಮಾತು. ಕೈಕೆಲಸದವನೊಬ್ಬನಿಗೆ ಇಷ್ಟು ದೊಡ್ಡ ಮಾತೇ ಎಂದು ನಮಗೆ ನಗು ಬಂತು, ಆದರೂ ಎಲ್ಲರೂ ಬರೆದುಕೊಂಡೆವು.

ಬಿಸಿಲೇರುವ ಮೊದಲು ಮೇಗುತಿ ಗುಡ್ಡ ಹತ್ತಿಸಿದರು. ಮೇಲಿನ ಜೈನ ಗುಡಿಯ ಗೋಡೆಯಲ್ಲಿ 634ರ ಶಾಸನ. ಇಮ್ಮಡಿ ಪುಲಿಕೇಶಿ ಹರ್ಷವರ್ಧನನನ್ನು ಸೋಲಿಸಿದ ಸುದ್ದಿಯನ್ನು ನಾವು ಪರೀಕ್ಷೆಗೆಂದು ಉರು ಹೊಡೆದಿದ್ದೆವಲ್ಲ, ಅದರ ಮೂಲ ಇದೇ. ಮಾಸ್ತರು ಹರ್ಷನನ್ನು ಒಂದೇ ಮಾತಿನಲ್ಲಿ ಮುಗಿಸಿ ರವಿಕೀರ್ತಿಯ ಬಳಿ ನಿಂತುಬಿಟ್ಟರು. ಈ ಗುಡಿ ಕಟ್ಟಿಸಿದವನೂ ಅವನೇ, ಶಾಸನದ ಕಾವ್ಯ ಬರೆದವನೂ ಅವನೇ. ಕೊನೆಯಲ್ಲಿ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ತಾನೇ ಬರೆದುಕೊಂಡಿದ್ದಾನೆ. ಕಾಳಿದಾಸನ ಕಾಲದ ಚರ್ಚೆ ಮಾಡುವ ಪಂಡಿತರಿಗೆ ಈ ಬಡಾಯಿಯೇ ಒಂದು ಗಟ್ಟಿ ಆಧಾರ, ಏಕೆಂದರೆ ಕಾಳಿದಾಸ ಈ ತಾರೀಖಿಗಿಂತ ಈಚಿನವನಾಗಲು ಸಾಧ್ಯವಿಲ್ಲ. “ಬಡಾಯಿನೂ ಉಪಯೋಗಕ್ಕ ಬರತೈತಿ, ತಾರೀಖ ಹಾಕಿ ಕೊಚ್ಚಿಕೋಬೇಕಷ್ಟ” ಅಂದರು ಮಾಸ್ತರು.

ಬಂದವರು ಸಾಮಾನ್ಯವಾಗಿ ಇಲ್ಲಿಂದಲೇ ಕೆಳಗಿಳಿಯುತ್ತಾರೆ. ನಮ್ಮನ್ನು ಗುಡಿಯ ಹಿಂಬದಿಗೆ ಕರೆದೊಯ್ದರು. ಮುಳ್ಳುಕಂಟಿಯ ನಡುವೆ ಹಾಸುಗಲ್ಲುಗಳನ್ನು ನಿಲ್ಲಿಸಿ ಮೇಲೊಂದು ದೊಡ್ಡ ಚಪ್ಪಡಿ ಹೊದಿಸಿದ ಕಲ್ಲುಮನೆಗಳು. ಪುರಾತತ್ವದವರ ಪ್ರಕಾರ ಇವು ಕಬ್ಬಿಣ ಯುಗದ ಗೋರಿಗಳು, ಚಾಲುಕ್ಯರಿಗಿಂತ ಎಷ್ಟೋ ಶತಮಾನ ಹಳೆಯವು. ಆಡು ಬಿಟ್ಟುಕೊಂಡು ಕೂತಿದ್ದ ಅಜ್ಜನೊಬ್ಬ ನಮ್ಮ ಗದ್ದಲ ಕೇಳಿ ಎದ್ದು ಬಂದ. ಇವು ಮೋರೇರ ಮನೆಗಳು ಅಂದ. ಮೋರೇರು ಮೂರು ಗೇಣಿನ ಕುಳ್ಳರಂತೆ. ಒಂದು ದಿನ ಆಕಾಶದಿಂದ ಬೆಂಕಿಮಳೆ ಸುರಿದು ಎಲ್ಲರೂ ಸುಟ್ಟುಹೋದರಂತೆ.

ನಮ್ಮ ತರಗತಿಯಲ್ಲಿ ಇಳಕಲ್ಲಿನ ಕಡೆಯ ಹುಡುಗನೊಬ್ಬನಿದ್ದ, ಅಪ್ಪ ಅಲ್ಲಿನ ಕೆಂಪು ಗ್ರಾನೈಟಿನ ಕ್ವಾರಿಯಲ್ಲಿ ಕೆಲಸಗಾರ. ಅವನು ಚಪ್ಪಡಿಯನ್ನು ತಟ್ಟಿ ನೋಡಿ ಕೇಳಿದ: “ಮೂರು ಗೇಣಿನವ್ರು ಇಂಥಾ ಹಾಸಗಲ್ಲ ಹೆಂಗ ಎತ್ತಿದ್ರಜ್ಜಾ?”

“ಎತ್ತಿ ಎತ್ತೇ ಸತ್ರು ನೋಡಪಾ” ಅಂದ ಅಜ್ಜ, ಬೆಂಕಿಮಳೆಯನ್ನು ಕೈಬಿಟ್ಟು.

ಚಳಿಗಾಲದಲ್ಲಿ ಅಂಗಳದಲ್ಲಿ ಬೆಂಕಿ ಹಾಕಿ ಕೂತಾಗ ಮನೆಯ ಹುಡುಗರು ನನ್ನಿಂದ ಮತ್ತೆ ಮತ್ತೆ ಹೇಳಿಸಿಕೊಳ್ಳುವುದು ಈ ಅಜ್ಜನ ಉತ್ತರವನ್ನೇ. ನನಗೆ ಅದರ ನಂತರದ್ದು ಹೆಚ್ಚು ನೆನಪು. ಆ ಹುಡುಗ ಕಲ್ಲಿನ ಅಂಚಿಗೆ ಕಣ್ಣಿಟ್ಟು ಕೂತ. “ಇದು ಪದರ ಪದರ ಬಿಟ್ಟೈತ್ರಿ ಸರ್. ಸಂದಿಗೆ ಬೆಣಿ ಹೊಡದು ಹಾರಿ ಹಾಕಿದ್ರ ಹಾಸ ಹಾಸ ಏಳತೈತಿ. ನಮ್ಮ ಇಳಕಲ್ಲ ಕಲ್ಲ ಹಿಂಗ ಏಳಂಗಿಲ್ಲ” ಅಂದ. ಮಾಸ್ತರು ಹಿಗ್ಗಿಹೋದರು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ನೀರು ತಂದು ಹಾಸಿದ ಮರಳು ಗಟ್ಟಿಯಾಗಿ ಆದ ಕಲ್ಲಿದು, ಅದಕ್ಕೇ ಪದರ ಎಂದು ವಿವರಿಸಿದರು. ಗೋರಿಗೆ ಚಪ್ಪಡಿ ಕೊಟ್ಟ ಗುಣವೇ ಗುಡಿಗೆ ಚಾವಣಿಯನ್ನೂ ಕೊಟ್ಟಿತು. ಉಳಿಗೆ ಒಗ್ಗುವಷ್ಟು ಮೆದು, ಸಾವಿರ ಮಳೆಗಾಲ ತಡೆಯುವಷ್ಟು ಗಟ್ಟಿ. ಚಾಲುಕ್ಯರ ಕುಶಲಿಗರು ಬರಿಗೈಲಿ ಶುರುಮಾಡಲಿಲ್ಲ, ಈ ಕಲ್ಲಿನ ಗುಟ್ಟು ಬಲ್ಲ ಜನ ಅವರಿಗಿಂತ ಮೊದಲೇ ಈ ಗುಡ್ಡದ ಮೇಲಿದ್ದರು. ಅಂದು ಪಾಠ ಅಂತ ಆದದ್ದು ಇದೇ.

ಪಟ್ಟದಕಲ್ಲಿನಲ್ಲಿ ಮಲಪ್ರಭೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಹೊಳೆ ಅಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಉಂಡವರೇ ವಿರೂಪಾಕ್ಷ ಗುಡಿಗೆ ನುಗ್ಗಿದೆವು. ಇಲ್ಲಿ ಹೆಸರುಗಳ ಸುಗ್ಗಿ. ಮೂಡಣ ಬಾಗಿಲಿನ ಶಾಸನದಲ್ಲಿ ಸೂತ್ರಧಾರಿ ಗುಂಡನ್ ಅನಿವಾರಿತಾಚಾರಿ, ಅವನಿಗೆ ಸಂದ ಬಿರುದು, ಮನ್ನಣೆ. ಇನ್ನೊಂದೆಡೆ ತೆಂಕಣ ದಿಕ್ಕಿನ ಸೂತ್ರಧಾರಿ ಸರ್ವಸಿದ್ಧಿ ಆಚಾರಿ. ಪಾಪನಾಥದ ಗೋಡೆಯಲ್ಲಿ ರೇವಡಿ ಓವಜ್ಜ. ಗುಡಿಯ ಕೆಲಸಗಾರರ ಹೆಸರು ಇಷ್ಟು ಧಾರಾಳವಾಗಿ ಕಲ್ಲಿಗೇರಿದ ಜಾಗಗಳು ಹೆಚ್ಚಿಲ್ಲ.

ಜಗಳ ಶುರುವಾದದ್ದು ಲೋಕಮಹಾದೇವಿಯಿಂದ. ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಈ ಗುಡಿಯನ್ನು ಕಟ್ಟಿಸಿದವಳು ಅವಳು. ಮೊದಲು ಇದಕ್ಕೆ ಅವಳ ಹೆಸರಿನ ಮೇಲೆ ಲೋಕೇಶ್ವರ ಎಂದೇ ಹೆಸರು. ಪಕ್ಕದ ಮಲ್ಲಿಕಾರ್ಜುನ ಗುಡಿ ತ್ರೈಲೋಕ್ಯಮಹಾದೇವಿಯದು. ಹುಡುಗಿಯರು ಇಬ್ಬರ ಹೆಸರನ್ನೂ ಬರೆದುಕೊಂಡರು. ಅರಮನೆಯವರ ಹೆಸರು ನಡೆಯುವುದಿಲ್ಲ ಎಂದು ಹುಡುಗರು ತಕರಾರು ತೆಗೆದರು. “ರಾಜ ಬ್ಯಾಡ ಅಂದಾರ, ರಾಣಿ ಬ್ಯಾಡ ಅಂದಿಲ್ಲ” ಎಂದು ಹುಡುಗಿಯರು ಪಟ್ಟು ಹಿಡಿದರು. ಮಾಸ್ತರು ತಮ್ಮ ಕರಾರನ್ನು ತಾವೇ ಒಮ್ಮೆ ಮೆಲುಕು ಹಾಕಿ, ಹುಡುಗಿಯರು ಗೆದ್ದರು ಎಂದು ಸಾರಿದರು.

ಬಾದಾಮಿ ಮುಟ್ಟಿದಾಗ ಹೊತ್ತು ವಾಲಿತ್ತು. ಗುಹೆಗಳನ್ನು ಓಡೋಡುತ್ತ ನೋಡಿದೆವು. ಹದಿನೆಂಟು ಕೈಯ ನಟರಾಜನ ಎದುರು ಕೈ ಎಣಿಸುತ್ತಿದ್ದಾಗ ಕೋತಿಯೊಂದು ದಾಳಿಂಬೆಯ ಚೀಲ ಹೊತ್ತೊಯ್ದಿತು. ಮಾಸ್ತರಿಗೆ ಅಗಸ್ತ್ಯತೀರ್ಥದ ಆಚೆ ದಂಡೆಯ ಅವಸರ. ಅಲ್ಲಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು 700ರ ಕಾಲದ್ದು, ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿ. ಒಳ್ಳೆಯವರ ಜೊತೆ ಒಳ್ಳೆಯವನಾಗಿ, ಕೆಣಕಿದವರಿಗೆ ಕಾಲನಾಗಿ ಬಾಳಿದ ಒಬ್ಬ ಗಂಡಾಳಿನ ಗುಣಗಾನ. ಅವನು ಯಾವ ರಾಜ್ಯ ಆಳಿದ ಎಂಬ ಮಾತೇ ಅಲ್ಲಿಲ್ಲ.

ಮರಳುವಾಗ ಬಸ್ಸಿನ ಮಂಕು ದೀಪದಲ್ಲಿ ನೋಟ್‌ಬುಕ್ಕುಗಳ ತಪಾಸಣೆ. ಇಳಕಲ್ಲಿನ ಹುಡುಗ ಐದನೆಯ ಸಾಲಿನಲ್ಲಿ ಬರೆದಿದ್ದ: “ಮೋರೇರ ಮನಿ ಕಟ್ಟಿದವ. ಹೆಸರು ಗೊತ್ತಿಲ್ಲ.” ಇದಕ್ಕೆ ಅಂಕ ಎಷ್ಟು ಎಂದು ಮಾಸ್ತರು ನಮ್ಮನ್ನೇ ಕೇಳಿದರು. ಹೆಸರಿಲ್ಲದ ಮೇಲೆ ಸೊನ್ನೆ ಎಂದರು ಕೆಲವರು. ಹೆಸರು ಕೆತ್ತಲು ಆಗ ಅಕ್ಷರವೇ ಇರಲಿಲ್ಲ, ಅದು ಅವನ ತಪ್ಪೇ ಎಂದಳು ಒಬ್ಬಳು. ಕೆರೂರು ದಾಟಿದರೂ ವಾದ ಮುಗಿಯಲಿಲ್ಲ. ಮಾಸ್ತರು ಕೊನೆಗೆ ಪೂರ್ತಿ ಅಂಕ ಕೊಟ್ಟರು. ಅವನ ಕೈಕೆಲಸ ಹೇಗೆಂದು ಬಿಡಿಸಿ ಹೇಳಿದ್ದಕ್ಕೆ ಈ ಅಂಕ ಎಂದರು.

ಎಷ್ಟೋ ವರ್ಷದ ಮೇಲೆ ಪಶ್ಚಿಮ ಆಫ್ರಿಕಾದ ಸೆನೆಗಲ್ ಮತ್ತು ಗ್ಯಾಂಬಿಯಾದ ಕಲ್ಲುವೃತ್ತಗಳ ವಿಷಯ ಓದಿದೆ. ಗ್ಯಾಂಬಿಯಾ ನದಿಯ ಉದ್ದಕ್ಕೂ ಅಂಥ ಸಾವಿರಕ್ಕೂ ಹೆಚ್ಚು ನೆಲೆಗಳು, ಹಲವು ಶತಮಾನಗಳ ಅವಧಿಯಲ್ಲಿ ಎದ್ದ ಗೋರಿಗುರುತುಗಳು. ಅಲ್ಲಿನ ವಾಸು, ಸೀನ್ ಎನ್ಗಾಯೆನ್ ಮೊದಲಾದ ನಾಲ್ಕು ತಾಣಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಕಟ್ಟಿದವರು ಯಾರೆಂದು ಹೇಳುವ ಅಕ್ಷರ ಅಲ್ಲೂ ಇಲ್ಲ. ಆದರೆ ಅಲ್ಲಿನ ನೆಲದ ಜಂಬಿಟ್ಟಿಗೆ ಕಲ್ಲನ್ನು ಕಬ್ಬಿಣದ ಉಪಕರಣದಿಂದ ಕಡಿದು ಕಂಬ ಮಾಡಿದ ಕೈಚಳಕ ಓದಲು ಸಿಗುತ್ತದೆ. ಓದುತ್ತಿದ್ದಾಗ ನನಗೆ ಹೊಳೆದ ಮೊದಲ ಪ್ರಶ್ನೆ, ಆ ಕಲ್ಲು ಹೇಗೆ ಏಳುತ್ತದೆ ಎಂಬುದು. ಮೇಗುತಿಯ ಬೆನ್ನಿಗೆ ಹೋಗಿರದಿದ್ದರೆ ಆ ಸೀಮೆಯನ್ನು ಆಳಿದ ರಾಜ ಯಾರು ಎಂದು ಹುಡುಕುತ್ತಿದ್ದೆನೇನೋ.

ಈಗಲೂ ಶಾಲೆಯ ಬಸ್ಸುಗಳು ಐಹೊಳೆಗೆ ಬರುತ್ತವೆ. ಕರೆತರುವ ಗುರುಗಳಿಗೆ ನನ್ನದೊಂದು ಸಲಹೆ: ಮಕ್ಕಳನ್ನು ಮೇಗುತಿಯ ಹಿಂಬದಿಗೂ ಕರೆದೊಯ್ಯಿರಿ, ಕಲ್ಲು ಮುಟ್ಟಿಸಿರಿ, ಸಂಜೆಯವರೆಗೆ ರಾಜರ ಸುದ್ದಿ ಎತ್ತಬೇಡಿರಿ. ಪುಲಿಕೇಶಿಗೇನೂ ನಷ್ಟವಿಲ್ಲ, ಪರೀಕ್ಷೆಯಲ್ಲಿ ಅವನು ಹೇಗೂ ಬಂದೇ ಬರುತ್ತಾನೆ.