ಮೈಲಿಗೆ ಎಷ್ಟು?

ಬಂದ ದಿನ

ಶಿಕಾಗೊದ ಓಹೇರ್ ವಿಮಾನ ನಿಲ್ದಾಣ. ನಾಲ್ಕು ಸೂಟ್‌ಕೇಸು, ಒಂದು ಕೈಚೀಲ. ಚೀಲದೊಳಗಿನ ಸಾರಿನ ಪುಡಿಯ ಘಮ ಕಸ್ಟಮ್ಸ್‌ನವರನ್ನು ದಾಟಿ ಹೇಗೋ ಹೊರಗೆ ಬಂದಿದೆ. ಅಳಿಯಂದಿರ ಕಾರು ಗ್ಯಾರೇಜಿನಲ್ಲಿದೆಯಂತೆ, ಕ್ಯಾಬ್ ಕರೆಯಬೇಕು. ಕರೆಯುತ್ತಿಲ್ಲ. ಫೋನು ನೋಡುತ್ತಾ ನಿಂತೇ ಇದ್ದಾರೆ. ಮಗಳು ಪಕ್ಕದಿಂದ ಬಗ್ಗಿ, "ಮೈಲಿಗೆ ಎಷ್ಟು ಬೀಳತ್ತೆ ನೋಡ್ರೀ" ಅಂದಳು.

ನನ್ನಾಕೆ ಗಾಬರಿಯಾದಳು. ನನ್ನ ತೋಳು ಜಗ್ಗಿ, "ಏನ್ರೀ, ಯಾರಿಗೆ ಮೈಲಿಗೆ? ಯಾರು ಹೋದರು?" ಎಂದು ಪಿಸುಗುಟ್ಟಿದಳು.

ಯಾರೂ ಹೋಗಿಲ್ಲ. ವಿಷಯ ಇಷ್ಟೆ: ಅಳಿಯಂದಿರ ಖಾತೆಯಲ್ಲಿ ವಿಮಾನ ಕಂಪನಿಯ ಮೈಲಿಗಳಿವೆ. ಆ ಮೈಲಿ ಕೊಟ್ಟರೆ ವಿಮಾನದ ಟಿಕೆಟ್ ಬರುತ್ತದೆ ಎಂಬುದು ನನಗೂ ಗೊತ್ತು. ಈಗ ಕ್ಯಾಬ್ ಬಾಡಿಗೆಯನ್ನೂ ಮೈಲಿಯಲ್ಲಿ ಕಟ್ಟಬಹುದಂತೆ. ಮನೆಯವರೆಗೆ 42 ಡಾಲರ್, ಇಲ್ಲವೇ 6,000 ಮೈಲಿ. ಯಾವುದನ್ನು ಒತ್ತುವುದು?

ಒತ್ತುವಷ್ಟರಲ್ಲಿ ಪರದೆ ಹೊರಳಿತು. ಈಗ 51 ಡಾಲರ್. ಮೈಲಿಯೂ ಅದರ ಬೆನ್ನಿಗೇ ಏರಿತು.

ಅದೇ ರಾತ್ರಿ, ನಿದ್ದೆ ಬಾರದೆ

"ಕ್ಯಾಶ್ ಕೊಟ್ಟೆ ಮಾವ" ಎಂದರು ಅಳಿಯಂದಿರು. ನಾನು ಕಣ್ಣಾರೆ ನೋಡಿದ್ದೇನೆ, ಅವರು ಒಂದು ನೋಟನ್ನೂ ಹೊರಗೆ ತೆಗೆಯಲಿಲ್ಲ. ಕಾರ್ಡಿನಿಂದ ಹೋಗಿದೆ. ಮೈಲಿ ಅಲ್ಲದ್ದಕ್ಕೆಲ್ಲ ಇಲ್ಲಿ ಕ್ಯಾಶ್ ಎಂದೇ ಹೆಸರು.

ಮೂವತ್ತಾರು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಒದ್ದೆ ಸ್ಪಂಜಿಗೆ ಹೆಬ್ಬೆರಳು ಒತ್ತಿ ನೋಟು ಎಣಿಸಿದವನು ನಾನು. ಬೆರಳಿಗೆ ತಾಗದ ಕ್ಯಾಶಿನ ಬಗ್ಗೆ ನನಗೆ ಸ್ವಲ್ಪ ಅನುಮಾನವಿದ್ದರೆ ಅದು ವೃತ್ತಿದೋಷ.

ಮೂರನೆಯ ದಿನ

ಈ ಮೈಲಿ ಎಷ್ಟು ದೂರ? ಅಳಿಯಂದಿರನ್ನು ಕೇಳಿದೆ. ನಕ್ಕರು.

ಮೊದಲು ದೂರವೇ ಆಗಿತ್ತು. 1981ರ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ತನ್ನ 'ಅಡ್ವಾಂಟೇಜ್' ಯೋಜನೆ ತಂದಿತು. ಅದೇ ತಿಂಗಳು ಯುನೈಟೆಡ್ ಕೂಡ ಒಂದನ್ನು ಶುರುಮಾಡಿತು. ಸಾವಿರ ಮೈಲಿ ಹಾರಿದರೆ ಸಾವಿರ ಮೈಲಿ ಜಮೆ. ನಮ್ಮ ಹಳ್ಳಿಯ ಮೈಲಿಗಲ್ಲಿನ ಲೆಕ್ಕ, ಯಾರಿಗಾದರೂ ಅರ್ಥವಾಗುತ್ತದೆ. 2015ರಲ್ಲಿ ಡೆಲ್ಟಾ, ಯುನೈಟೆಡ್ ಎರಡೂ ಕ್ರಮ ಬದಲಿಸಿದವು. ಮರುವರ್ಷ ಅಮೆರಿಕನ್ ಕೂಡ. ಎಷ್ಟು ದೂರ ಹಾರಿದಿರಿ ಎನ್ನುವುದು ಹೋಗಿ ಟಿಕೆಟ್ಟಿಗೆ ಎಷ್ಟು ಡಾಲರ್ ಕೊಟ್ಟಿರಿ ಎನ್ನುವುದು ಬಂತು.

ಅಂದರೆ ಹೆಸರು ಮಾತ್ರ ಮೈಲಿ. ನಾವು ಕಿಲೋಮೀಟರಿಗೆ ಬಂದು ಅರ್ಧ ಶತಮಾನ ಕಳೆದರೂ 'ಮೈಲಿಗಲ್ಲು' ಅನ್ನುತ್ತೇವಲ್ಲ, ಹಾಗೆ. ನಮ್ಮದಾದರೆ ಕಲ್ಲಾದರೂ ನಿಂತಿರುತ್ತದೆ.

ಐದನೆಯ ದಿನ, ಊಟದ ಮೇಜು

ಬೇಳೆ ಡಬ್ಬಿಯ ರಟ್ಟಿನ ಹಿಂದೆ ಲೆಕ್ಕ ಹಾಕಿದೆ.

ಕ್ಯಾಬ್: 42 ಡಾಲರ್ ಅಥವಾ 6,000 ಮೈಲಿ. ಒಂದು ಮೈಲಿಗೆ 0.7 ಸೆಂಟ್.

ವಿಮಾನ: ಶಿಕಾಗೊದಿಂದ ಡೆನ್ವರ್‌ಗೆ ಅಳಿಯಂದಿರು ತೋರಿಸಿದ ಟಿಕೆಟ್ 150 ಡಾಲರ್ ಅಥವಾ 12,500 ಮೈಲಿ. ಮೈಲಿ ಕೊಟ್ಟರೂ 5 ಡಾಲರ್ 60 ಸೆಂಟ್ ಭದ್ರತಾ ಶುಲ್ಕವನ್ನು ಹಣದಲ್ಲೇ ಕಟ್ಟಬೇಕು. ಅದನ್ನು ಕಳೆದರೆ ಉಳಿದದ್ದು 144 ಡಾಲರ್ 40 ಸೆಂಟ್. ಒಂದು ಮೈಲಿಗೆ ಸುಮಾರು 1.15 ಸೆಂಟ್.

ಕ್ಯಾಬಿಗೆ ಕೊಡುವ ಅದೇ 6,000 ಮೈಲಿ ವಿಮಾನಕ್ಕೆ ಹೋದರೆ 69 ಡಾಲರಿನ ಕೆಲಸ ಮಾಡುತ್ತದೆ. ಕ್ಯಾಬಿಗೆ ಕೊಟ್ಟರೆ 42ರ ಕೆಲಸ. ಜೊತೆಗೆ ಕಾರ್ಡಿನಲ್ಲಿ ಕೊಟ್ಟರೆ ಒಂದಷ್ಟು ಹೊಸ ಮೈಲಿ ಹುಟ್ಟುತ್ತದೆ, ಮೈಲಿಯಲ್ಲಿ ಕೊಟ್ಟರೆ ಹುಟ್ಟುವುದಿಲ್ಲ. ಅಡಿಗೆರೆ ಎಳೆದು ಬರೆದೆ: ಕ್ಯಾಬಿಗೆ ಕ್ಯಾಶು, ವಿಮಾನಕ್ಕೆ ಮೈಲಿ.

"ಕರೆಕ್ಟ್ ಮಾವ. ಇದಕ್ಕೇ ಸೆಂಟ್ಸ್ ಪರ್ ಪಾಯಿಂಟ್ ಅನ್ನೋದು" ಎಂದು ಅಳಿಯಂದಿರು ಕೈ ಕುಲುಕಿದರು.

ಮಗಳು ಪಾತ್ರೆ ತೊಳೆಯುತ್ತಾ, ತಿರುಗದೆ ಹೇಳಿದಳು: "ಅಪ್ಪ, ಇವರು ಮೂರು ವರ್ಷದಿಂದ ಈ ಲೆಕ್ಕ ಹಾಕ್ತಿದ್ದಾರೆ. ಡೆನ್ವರ್‌ಗೆ ಒಂದ್ಸಲಾನೂ ಹೋಗಿಲ್ಲ."

ಮೇಲಿನದಕ್ಕೆ ಅಡಿಟಿಪ್ಪಣಿ

ನೋಟಿನ ಮೇಲೆ ಗವರ್ನರ್ ಸಹಿ ಇದೆ, ಕೊಡುತ್ತೇನೆಂಬ ಮಾತಿದೆ. ಎಫ್‌ಡಿಗೆ ಬಡ್ಡಿ ಇದೆ. ಮೈಲಿಗೆ ಎರಡೂ ಇಲ್ಲ. ಮೊದಲು ಇಂಥ ಊರಿಗೆ ಇಷ್ಟು ಮೈಲಿ ಎಂದು ಪಟ್ಟಿಯಾದರೂ ಇತ್ತಂತೆ. ಡೆಲ್ಟಾ ಆ ಪಟ್ಟಿಯನ್ನು 2015ರಲ್ಲಿ, ಯುನೈಟೆಡ್ 2019ರಲ್ಲಿ ತೆಗೆದುಹಾಕಿದವು. ಈಗ ಆ ದಿನದ ದರ ಆ ದಿನಕ್ಕೆ. ಕೂಡಿಟ್ಟವನ ಖಾತೆಯಲ್ಲಿ ಅಂಕಿ ಹಾಗೇ ಇರುತ್ತದೆ, ಅದರ ತೂಕ ಇಳಿದಿರುತ್ತದೆ. ಅಳಿಯಂದಿರ ಡೆನ್ವರ್ ವರ್ಷವರ್ಷಕ್ಕೂ ದೂರ ಸರಿಯುತ್ತಿದೆ.

ಎರಡನೆಯ ವಾರ

ಈ ಮೈಲಿಗಳ ಟಂಕಸಾಲೆ ಯಾವುದು ಎಂದು ಹುಡುಕುತ್ತಾ ಹೋದರೆ ನನ್ನದೇ ಕಸುಬಿನ ಬಾಗಿಲಿಗೆ ಬಂದು ನಿಂತೆ. ಇಲ್ಲಿ ಬ್ಯಾಂಕುಗಳು ವಿಮಾನ ಕಂಪನಿಯಿಂದ ಮೈಲಿಗಳನ್ನು ಸಗಟು ಕೊಳ್ಳುತ್ತವೆ, ಕಾರ್ಡು ಉಜ್ಜಿದವರಿಗೆ ಚಿಲ್ಲರೆಯಾಗಿ ಹಂಚುತ್ತವೆ. ಕೊಳ್ಳುವ ದುಡ್ಡಿನ ಒಂದು ಪಾಲು ಅಂಗಡಿಯವನು ಪ್ರತಿ ಕಾರ್ಡು ಪಾವತಿಗೂ ತೆರುವ ಶುಲ್ಕದಿಂದ ಬರುತ್ತದೆ. ಅಂಗಡಿಯವನು ಅದನ್ನು ಬೇಳೆಯ ಬೆಲೆಯಲ್ಲಿ ಸೇರಿಸಿರುತ್ತಾನೆ. ಕಾರ್ಡು ಕಂಪನಿ ಅಮೆರಿಕನ್ ಎಕ್ಸ್‌ಪ್ರೆಸ್ ಒಂದರಿಂದಲೇ ಡೆಲ್ಟಾಗೆ 2024ರಲ್ಲಿ ಬಂದದ್ದು 700 ಕೋಟಿ ಡಾಲರಿಗೂ ಹೆಚ್ಚು.

ಕೊರೊನಾ ಕಾಲದಲ್ಲಿ ವಿಮಾನಗಳೆಲ್ಲ ನೆಲ ಹಿಡಿದಾಗ ಯುನೈಟೆಡ್ ಸಾಲಕ್ಕೆ ಅಡವಿಟ್ಟದ್ದು ಏನನ್ನು? ಮೈಲಿ ಯೋಜನೆಯನ್ನು. 2020ರಲ್ಲಿ ಅದರ ಮೇಲೆ 680 ಕೋಟಿ ಡಾಲರ್ ಎತ್ತಿತು. ಅದೇ ವರ್ಷ ಡೆಲ್ಟಾ 900 ಕೋಟಿ, ಮರುವರ್ಷ ಅಮೆರಿಕನ್ 1,000 ಕೋಟಿ. ಯುನೈಟೆಡ್ ತನ್ನ ಮೈಲಿ ಯೋಜನೆಗೆ ಕಟ್ಟಿದ ಬೆಲೆ 2,000 ಕೋಟಿ ಡಾಲರಿಗೂ ಮೇಲೆ. ಆಗ ಶೇರುಪೇಟೆ ಇಡೀ ಕಂಪನಿಗೆ ಕಟ್ಟಿದ್ದ ಬೆಲೆ ಅದಕ್ಕಿಂತ ಕಡಿಮೆ. ಹಸುವಿಗಿಂತ ಹಾಲಿನ ಲೆಕ್ಕದ ಪುಸ್ತಕಕ್ಕೇ ಬೆಲೆ ಜಾಸ್ತಿ.

ನಮ್ಮಲ್ಲೂ ನೋಡಿದ್ದೇವೆ. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ಹಾರಾಟ ನಿಂತಿತು. ಅದರ ಮೈಲಿ ಯೋಜನೆ ಬೇರೆಯೇ ಕಂಪನಿಯಾಗಿದ್ದರಿಂದ 'ಇಂಟರ್‌ಮೈಲ್ಸ್' ಎಂದು ಹೆಸರು ಬದಲಿಸಿಕೊಂಡು ಮುಂದುವರಿಯಿತು. ವಿಮಾನವಿಲ್ಲದ ಮೈಲಿ!

ಮಾರನೆಯ ದಿನ

ಖಾತೆಯಲ್ಲಿರುವ ಮೈಲಿ ಯಾರದು? ಕೂಡಿಟ್ಟವನದು ಎಂದುಕೊಂಡಿದ್ದೆ. ಗಿನ್ಸ್‌ಬರ್ಗ್ ಎಂಬ ಯಹೂದಿ ಧರ್ಮಗುರುವೂ ಹಾಗೇ ಅಂದುಕೊಂಡಿದ್ದರು. ನಾರ್ತ್‌ವೆಸ್ಟ್ ಏರ್‌ಲೈನ್ಸ್ 2008ರಲ್ಲಿ ಅವರ ಸದಸ್ಯತ್ವ ರದ್ದು ಮಾಡಿತು. ತೀರ ಹೆಚ್ಚು ದೂರು ಕೊಡುತ್ತೀರಿ ಎಂಬುದು ಕಂಪನಿಯ ಆಕ್ಷೇಪ. ಅವರು ಕೋರ್ಟಿಗೆ ಹೋದರು. 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ಕಂಪನಿಯ ಪರ ನಿಂತರು. ವಿಮಾನಯಾನದ ನಿಯಂತ್ರಣ ತೆಗೆದ 1978ರ ಕಾಯಿದೆಯ ಮುಂದೆ, ಕಂಪನಿ ಸದ್ಭಾವದಿಂದ ನಡೆದುಕೊಳ್ಳಲಿಲ್ಲ ಎಂಬ ಅವರ ವಾದ ನಿಲ್ಲಲಿಲ್ಲ.

ನಮ್ಮ ಕೌಂಟರಿಗೆ ದಿನಾ ಬಂದು ಜಗಳವಾಡುತ್ತಿದ್ದ ಒಬ್ಬ ಮೇಷ್ಟರು ನೆನಪಾದರು. ಅವರ ಉಳಿತಾಯ ಖಾತೆಯ ದುಡ್ಡನ್ನು ಜಗಳಗಂಟತನಕ್ಕಾಗಿ ಮುಟ್ಟುಗೋಲು ಹಾಕಿಕೊಳ್ಳಬಹುದು ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಶನಿವಾರ

ಇದಕ್ಕೆ ತದ್ವಿರುದ್ಧ ಕಥೆಯೊಂದು. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್ ಒಂದು ಆಹಾರ ಕಂಪನಿಯ ಕೊಡುಗೆ ಓದಿದರು: ಪೊಟ್ಟಣದ ಮೇಲಿನ ಚೀಟಿ ಕಳಿಸಿದರೆ ವಿಮಾನದ ಮೈಲಿ. ಅತಿ ಅಗ್ಗದ ಪೊಟ್ಟಣ ಯಾವುದೆಂದು ಹುಡುಕಿ 12,150 ಕಪ್ ಪುಡಿಂಗ್ ಕೊಂಡರು, ಸುಮಾರು 3,000 ಡಾಲರ್ ಕೊಟ್ಟು. ಗಳಿಸಿದ್ದು ಹನ್ನೆರಡು ಲಕ್ಷಕ್ಕೂ ಹೆಚ್ಚು ಮೈಲಿ. ಅಷ್ಟೂ ಚೀಟಿ ಕೀಳಲು ಮನೆಯವರ ಕೈ ಸಾಲದೆ, ಪುಡಿಂಗನ್ನು ದತ್ತಿ ಸಂಸ್ಥೆಯೊಂದಕ್ಕೆ ದಾನ ಕೊಟ್ಟು ಅಲ್ಲಿಯ ಸ್ವಯಂಸೇವಕರಿಂದ ಕೀಳಿಸಿದರಂತೆ.

ಇದನ್ನು ಓದಿ ಹೇಳಿದಾಗ ಅಳಿಯಂದಿರ ಕಣ್ಣಲ್ಲಿ ಕಂಡದ್ದು ಭಕ್ತಿ.

ಭಾನುವಾರ, ವಿದ್ಯಾರಣ್ಯ ಕನ್ನಡ ಕೂಟದ ಬಳಗದವರೊಂದಿಗೆ

ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ವಿಚಾರಿಸಿದೆ. ಇಲ್ಲಿಯವರಿಗೆ ಇದು ಮಳೆ-ಬೆಳೆಯ ಹಾಗೆ ಮಾತಿನ ವಸ್ತು. 2025ರಲ್ಲಿ ಡೆಲ್ಟಾ 'ಲಿಫ್ಟ್' ಎಂಬ ಕ್ಯಾಬ್ ಕಂಪನಿಯನ್ನು ಬಿಟ್ಟು ಉಬರ್ ಹಿಡಿಯಿತು, ಯುನೈಟೆಡ್ ಲಿಫ್ಟ್ ಹಿಡಿಯಿತು ಎನ್ನುವುದನ್ನು ಎರಡು ಮನೆತನಗಳ ಸಂಬಂಧ ಮುರಿದು ಕೂಡಿದಂತೆ ವರ್ಣಿಸಿದರು.

ಒಬ್ಬರು: "ಆಫೀಸಿನ ಕೆಲಸಕ್ಕೆ ಕ್ಯಾಬಾದರೆ ಮೈಲಿ ಮುಟ್ಟಲೇಬೇಡಿ ಅಂಕಲ್. ಕ್ಯಾಶ್ ಬಿಲ್ ಕೊಟ್ಟರೆ ಕಂಪನಿ ಕೊಡತ್ತೆ. ಮೈಲಿ ಬಿಲ್ ಕೊಟ್ಟರೆ ಯಾರು ಕೊಡ್ತಾರೆ?" ಇದು ನನ್ನ ರಟ್ಟಿನ ಲೆಕ್ಕದಲ್ಲಿ ಇರಲಿಲ್ಲ. ಬರೆದುಕೊಂಡೆ.

ಇನ್ನೊಬ್ಬರು: "ಟಿಕೆಟ್ಟಿಗೆ ಸಾಲದಷ್ಟು ಚಿಲ್ಲರೆ ಮೈಲಿ ಇರತ್ತಲ್ಲ, ಅದನ್ನ ಕ್ಯಾಬಿಗೆ ಹಾಕಿ. ಇಲ್ಲದಿದ್ರೆ ಬೀರುವಿನ ಮೂಲೇಲಿ ಹಳೇ ನಾಲ್ಕಾಣೆ ಇದ್ದ ಹಾಗೆ." ಇದೂ ಸರಿ.

ಮೂರನೆಯವರು ಹಾಸನದ ಕಡೆಯ ಹಿರಿಯ ಹೆಂಗಸು. "ಮೈಲಿ ಅಂದ್ರೆ ಹಲಸಿನಹಣ್ಣು ಕಣ್ರೀ. ಘಂ ಅಂದ ದಿನ ಕುಯ್ದು ಹಂಚಿಬಿಡಬೇಕು. ಒಳ್ಳೆ ನೆಂಟರು ಬರ್ತಾರೆ ಅಂತ ಕಾದ್ರೆ ನೊಣ ಬರ್ತವೆ."

ಮೂವರದೂ ಸರಿ. ಗೊಂದಲ ಹೆಚ್ಚಾಯಿತು.

ಬುಧವಾರ, ಕ್ಯಾಬಿನಲ್ಲಿ

ಡೆಂಟಿಸ್ಟ್ ಹತ್ತಿರ ಹೋಗಿ ಬರುವಾಗ ಚಾಲಕ ಇಥಿಯೋಪಿಯಾದವರು. ನನ್ನ ಮುರುಕು ಇಂಗ್ಲಿಷಿನಲ್ಲೇ ಕೇಳಿದೆ: ಹಿಂದೆ ಕೂತವರು ಮೈಲಿ ಕೊಟ್ಟರೋ ದುಡ್ಡು ಕೊಟ್ಟರೋ ನಿಮಗೆ ತಿಳಿಯುತ್ತದೆಯೇ? ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನನಗೆ ಕಾಣುವುದು ನನ್ನ ಪಾಲು ಮಾತ್ರ" ಎಂದರು. ಆಮೇಲೆ ಸ್ವಲ್ಪ ದೂರ ಹೋಗಿ, "ಟಿಪ್ಸ್ ಕೂಡ ಕಾಣುತ್ತದೆ" ಎಂದು ಸೇರಿಸಿದರು.

ಇಲ್ಲಿ ಹೊಳೆಯಿತು. ನಾವು ಅಷ್ಟು ದಿನ ತಲೆ ಕೆಡಿಸಿಕೊಂಡ ಪ್ರಶ್ನೆ ಓಡಿಸುವವನ ತನಕ ಹೋಗುವುದೇ ಇಲ್ಲ. ನನ್ನ ದುಡ್ಡು ಹೊರಟು ಅವನ ಕೈ ಸೇರುವ ಮೊದಲು ಎಲ್ಲೋ ನಡುದಾರಿಯ ಛತ್ರದಲ್ಲಿ ತಂಗುತ್ತದೆ. ಆ ಛತ್ರದಲ್ಲಿ ಕಾರ್ಡಿನವರು, ಬ್ಯಾಂಕಿನವರು, ಆ್ಯಪಿನವರು, ವಿಮಾನದವರು ಊಟಕ್ಕೆ ಕೂತಿರುತ್ತಾರೆ. ಎಲೆಯಲ್ಲಿ ಉಳಿದದ್ದನ್ನು ಕಟ್ಟಿ ನಮ್ಮ ಕೈಗಿಡುವ ಬುತ್ತಿಗೆ ಮೈಲಿ ಎಂದು ಹೆಸರು. ನಮ್ಮದೇ ಅಕ್ಕಿ.

ಹೊರಡುವ ದಿನ

ಓಹೇರ್‌ಗೆ ವಾಪಸ್ಸು. ನಾಲ್ಕು ಸೂಟ್‌ಕೇಸು ಆರಾಗಿದ್ದರಿಂದ ಅಳಿಯಂದಿರ ಕಾರಿನಲ್ಲಿ ಜಾಗವಿಲ್ಲ, ಮತ್ತೆ ಕ್ಯಾಬು. ಅಳಿಯಂದಿರು ಫೋನು ತೆಗೆದರು. ಹೆಬ್ಬೆರಳು ಗಾಳಿಯಲ್ಲಿ ನಿಂತಿತು. ನನ್ನ ಕಡೆ ನೋಡಿದರು, ಆಡಿಟರ್ ಕಡೆ ನೋಡುವ ಹಾಗೆ. 0.7 ಸೆಂಟೇ ಬೀಳುತ್ತದೆ, ನಷ್ಟ ಎಂದು ಬಾಯಿ ತೆರೆದೆ.

ನನ್ನಾಕೆ ತಡೆದಳು. ಇಷ್ಟು ದಿನ ಸುಮ್ಮನೆ ಕೇಳಿಸಿಕೊಂಡವಳು. "ಅಳಿಯಂದಿರೇ, ಆ ಮೈಲಿಗೆಯೆಲ್ಲ ಇವತ್ತೇ ಕಳೆದುಬಿಡಿ. ನಾವು ಹೋದ ಮೇಲೆ ನೀವಿಬ್ಬರೂ ಕೂತು ಲೆಕ್ಕ ಹಾಕೋದು ಬೇಡ."

ಅವರು ಮೈಲಿಯನ್ನೇ ಒತ್ತಿದರು. ಎರಡು ನಿಮಿಷದಲ್ಲಿ ಕಾರು ಬಂತು. ಮಗಳು ಟಿಪ್ಸನ್ನು ಬೇರೆಯಾಗಿ ನೋಟಿನಲ್ಲೇ ಕೊಟ್ಟಳು. ಮೂರು ತಿಂಗಳಲ್ಲಿ ನಾನು ನೋಡಿದ ಮೊದಲ ನೋಟು ಅದು. ಹಸಿರಾಗಿತ್ತು.

ಬೆಂಗಳೂರು, ಬೆಳಗ್ಗೆ ಐದೂವರೆ

ವಾಯು ವಜ್ರ ಬಸ್ಸಿಳಿದು ತಂಗಿಯ ಮನೆಗೆ ಆಟೊ. ತಂಗಿಯ ಮಗ ಫೋನಿನಲ್ಲೇ ಉಬರ್‌ನಲ್ಲಿ ಹಿಡಿದುಕೊಟ್ಟಿದ್ದ. 2025ರ ಫೆಬ್ರುವರಿಯಿಂದ ಇದರ ಆಟೊಗಳಲ್ಲಿ ಕಮಿಷನ್ ಇಲ್ಲ, ಬಾಡಿಗೆ ನೇರ ಚಾಲಕರ ಕೈಗೆ. ಕೂಪನ್ನು, ಕ್ರೆಡಿಟ್ಟು ನಡೆಯುವುದಿಲ್ಲ. 2022ರಲ್ಲಿ ಬಂದ 'ನಮ್ಮ ಯಾತ್ರಿ' ಆ್ಯಪ್ ಹಾಕಿಕೊಟ್ಟ ದಾರಿ ಇದು. ನಡುವೆ ಛತ್ರವಿಲ್ಲ, ಹಾಗಾಗಿ ಬುತ್ತಿಯೂ ಇಲ್ಲ.

ಇಳಿಯುವಾಗ ಚಾಲಕ ಕೇಳಿದ: "ಕ್ಯಾಶಾ, ಫೋನ್‌ಪೇನಾ ಸಾರ್?"

"ಕ್ಯಾಶ್" ಎಂದೆ. ಸ್ಪಂಜಿರಲಿಲ್ಲ, ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಎಣಿಸಿ ಕೊಟ್ಟೆ. ಅವನು ಇನ್ನೊಮ್ಮೆ ಎಣಿಸಿದ. ಒಂದು ಇಪ್ಪತ್ತರ ನೋಟನ್ನು ತಿರುಗಿಸಿ ನೋಡಿ, "ಹರಿದಿದೆ ಸಾರ್, ಬೇರೆ ಕೊಡಿ" ಅಂದ.