ಕೆಂಚನ ಕ್ರೇಟು

ಒಳಗೆ ಬನ್ನಿ. ಚಪ್ಪಲಿ ಬಾಗಿಲಲ್ಲಿ ಬಿಡಬೇಡಿ, ಕಿಟಕಿ ಕಟ್ಟೆ ಮೇಲಿಡಿ. ನನ್ನದೊಂದು ಜೊತೆ ಆಗಲೇ ಹಾಳಾಗಿದೆ. ಬೆಳಿಗ್ಗೆ ಏಳೂ ಕಾಲು, ಮಾಲೂರಿಗೆ ಇನ್ನೂ ಬಿಸಿಲು ಏರಿಲ್ಲ. ಅಡುಗೆಮನೆ ಹೊಸಿಲ ಮೇಲೆ ಮೂತಿ ಊರಿ ಮಲಗಿರುವ ನಾಯಿಮರಿಯೇ ಕೆಂಚ. ಎರಡು ತಿಂಗಳು ತುಂಬಿ ನಾಲ್ಕು ದಿನ. ನಿದ್ದೆ ಹೋದಂತೆ ಕಾಣುತ್ತಾನೆ. ನಾನು ಕಾಲುಚೀಲ ಕೈಗೆತ್ತಿಕೊಂಡೆ, ನೋಡಿ, ಕಿವಿ ನೆಟ್ಟಗಾಯಿತು. ನಿನ್ನೆ ಎರಡು ಸಲ ಆಚೆ ಹೋಗಿ ಬರುವ ನಾಟಕ ಆಡಿದ್ದಕ್ಕೇ ಇಷ್ಟು ಕಲಿತಿದ್ದಾನೆ.

ಇವತ್ತು ಸೋಮವಾರ, ರಜೆ ಮುಗಿದಿದೆ. ಹೆಂಡತಿ ಆಗಲೇ ಕೋಲಾರದ ಬಸ್ಸು ಹಿಡಿದು ಶಾಲೆಗೆ ಹೋದಳು. ನನಗೆ ಎಂಟಕ್ಕೆ ವೈಟ್‌ಫೀಲ್ಡ್ ಕಡೆಯ ರೈಲು. ಅವಳು ಬರುವುದು ಐದಕ್ಕೆ. ನಡುವೆ 9 ಗಂಟೆ ಇವನೊಬ್ಬನೇ.

ಇಲ್ಲಿಂದ ಎರಡು ಕ್ರೇಟು ಕಾಣುತ್ತಿವೆಯಲ್ಲ? ನೀಲಿ ಪ್ಲಾಸ್ಟಿಕ್ಕಿನದು ನಮ್ಮ ಜಿಲ್ಲೆಯ ಕ್ರೇಟು. ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ತುಂಬುತ್ತಾರಲ್ಲ, ಅದು. 2023ರ ಜುಲೈನಲ್ಲಿ ಅಷ್ಟು ಹಣ್ಣಿಗೆ 2 ಸಾವಿರ ರೂಪಾಯಿ ದಾಟಿದಾಗ ರೈತರು ರಾತ್ರಿಯೆಲ್ಲ ಹೊಲದಲ್ಲಿ ಕಾವಲು ಕೂತಿದ್ದರು. ಶ್ರೀನಿವಾಸಪುರದ ಮಾವಿನ ತೋಪಿನ ಶೆಡ್ಡಿನಿಂದ ಕೆಂಚ ಇದರಲ್ಲೇ, ನನ್ನ ತೊಡೆಯ ಮೇಲೆ, ತೋತಾಪುರಿ ಸೊನೆಯ ವಾಸನೆಯ ಗೋಣಿ ಹಾಸಿಕೊಂಡು ಬಂದ. ಇನ್ನೊಂದು ಕಬ್ಬಿಣದ್ದು, ಮಡಚುವಂಥದು. ಎರಡೂವರೆ ಸಾವಿರ ಕೊಟ್ಟೆ. ಅಂಗಡಿಯವನು ಅದಕ್ಕೂ ಕ್ರೇಟು ಎಂದೇ ಹೇಳಿದ. ನಮ್ಮತ್ತೆ ನೋಡಿದ್ದರೆ ಬೋನು ಎನ್ನುತ್ತಿದ್ದರು.

ಮನೆಯೊಳಗೆ ಸುಮ್ಮನೆ ಬಿಟ್ಟುಹೋಗೋಣವೆಂದರೆ ಮಿಕ್ಸಿ ವೈರು, ಫಿನಾಯಿಲ್ ಬಾಟಲಿ, ಗ್ಯಾಸ್ ಪೈಪು, ಎಲ್ಲ ಅವನ ಹಲ್ಲಿನ ಎತ್ತರಕ್ಕೇ ಇವೆ. ಆಚೆ ಬಿಡುವಂತಿಲ್ಲ. ಪಾರ್ವೋ ಲಸಿಕೆಯ ಸರದಿ ಮುಗಿಯುವವರೆಗೆ ಬೀದಿಯ ಮಣ್ಣು ಮೂಸುವುದೂ ಅಪಾಯ ಎಂದಿದ್ದಾರೆ ಡಾಕ್ಟರು. ಅವರೇ ಒಂದು ಲೆಕ್ಕವನ್ನೂ ಹೇಳಿಕೊಟ್ಟರು: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ಉಚ್ಚೆ ತಡೆದೀತು. ಕೆಂಚನಿಗೆ ಬರುವುದು ಮೂರು. ಬೋನಿಗೆ ಹಾಕಿ ಹೋದರೆ ಉಳಿದ ಆರು ಗಂಟೆ ತನ್ನ ಉಚ್ಚೆಯ ಮೇಲೇ ಕೂತಿರಬೇಕು.

ನಿನ್ನೆ ಸಂಜೆಯ ಪರೀಕ್ಷೆಯಲ್ಲಿ ನೀವೂ ಇರಬೇಕಿತ್ತು. ಬೋನಿನ ಬಾಗಿಲು ತೆರೆದಿಟ್ಟು ಒಳಗೆ ಮುದ್ದೆಯ ಚೂರು ಹಾಕಿದೆವು. ತಾನೇ ಹೋದ, ತಿಂದ, ಎರಡು ಸುತ್ತು ತಿರುಗಿ ಮಲಗಿದ. ಗೆದ್ದೆವು ಅಂದುಕೊಂಡು ಚಿಲಕ ಜಾರಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತೆವು. ಮೊದಲು ಸದ್ದಿಲ್ಲ. ಆಮೇಲೆ ತಟ್ಟೆ ಕೆರೆಯುವ ಪರಪರ. ಆಮೇಲೆ ಮೂಗಿನಲ್ಲೇ ಎಳೆಯುವ ಒಂದು ಸಣ್ಣ ರಾಗ, ಎಳೆದೂ ಎಳೆದೂ ಕೊನೆಗೆ ಕೂಗು. 12 ನಿಮಿಷಕ್ಕೆ ಹೆಂಡತಿ ಎದ್ದಳು. ಒಳಗೆ ಹೋದರೆ ಕಂಬಿಗಳ ಮೇಲೆ ಜೊಲ್ಲು ದಾರದಂತೆ ಇಳಿದಿತ್ತು. ಮುಂಗಾಲಿನ ಒಂದು ಉಗುರಿನ ಬುಡ ಕೆಂಪಗಾಗಿತ್ತು.

ಹೀಗೆ ಒಂದೇ ದಿನ ಚಿಲಕ ಹಾಕಬಾರದಂತೆ. ಮೊದಲು ಕ್ಷಣ, ಆಮೇಲೆ ನಿಮಿಷ, ಹಾಗೆ ವಾರಗಟ್ಟಲೆ ಏರಿಸಬೇಕು. ನಮ್ಮ ಹತ್ತಿರ ವಾರಗಳಿರಲಿಲ್ಲ. ರಾತ್ರಿ ಮೊಬೈಲ್ ಹಿಡಿದು ಓದುತ್ತ ಕೂತೆ. ಅಮೆರಿಕದವರಿಗೆ ನಾಯಿಯ ಕ್ರೇಟು ಮಾಮೂಲು. ಸ್ವೀಡನ್ನಿನಲ್ಲಿ ಮನೆಯೊಳಗೆ ನಾಯಿಯನ್ನು ಪಂಜರದಲ್ಲಿ ಮುಚ್ಚಿಡುವುದಕ್ಕೇ ನಿಷೇಧ. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಮೈ ಆಡಿಸಲು ತಕ್ಕಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲಿಟ್ಟರೆ ಅಪರಾಧ ಎನ್ನುತ್ತದೆ. ತೀರ ಗಿಡ್ಡ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಹಾಕಿದರೂ ಅಷ್ಟೇ. ಆ ಲೆಕ್ಕಕ್ಕೆ ನಮ್ಮೂರಿನ ಎಷ್ಟು ಗೇಟುಗಳ ಮುಂದೆ ಕೇಸು ಹಾಕಬೇಕೋ.

ಮುಳಬಾಗಿಲಿನಿಂದ ಅತ್ತೆಯ ಫೋನು ಬಂದಿದ್ದು ಅದೇ ಹೊತ್ತಿಗೆ.

“ಅಲ್ಲಾ, ನಾಯೀನ ಯಾರಾದ್ರೂ ಗೂಡೊಳಗೆ ಹಾಕಿ ಚಿಲಕ ಹಾಕ್ತಾರಾ? ಕೋಳಿ ಮೇಲೆ ಮಂಕರಿ ಕವುಚ್ತೀವಿ, ಅದೂ ರಾತ್ರಿ ಹೊತ್ತು.”

“ನಾಯಿಗೆ ಗೂಡು ಅಂದ್ರೆ ಇಷ್ಟ ಅಂತಾರಲ್ಲ ಅತ್ತೆ.”

“ಈಯೋವಾಗ ಬಣವೆ ಕೆಳಗೆ ಗುಂಡಿ ತೋಡುತ್ತೆ, ನಿಜ. ಮೂರು ನಾಲ್ಕು ವಾರ. ಆಮೇಲೆ ಮರಿಗಳು ತಾವೇ ಆಚೆ ಬರ್ತವೆ. ಆ ಗುಂಡಿಗೆ ಬಾಗಿಲು ಎಲ್ಲಿರುತ್ತೆ, ಹೇಳಿ?”

ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಫೋನಿಟ್ಟು ಕಟಿಂಗ್ ಪ್ಲೇಯರ್ ಹುಡುಕಿದೆ.

ಈಗ ನೋಡಿ, ಕಬ್ಬಿಣದ ಕ್ರೇಟಿಗೆ ಬಾಗಿಲೇ ಇಲ್ಲ. ಅದನ್ನು ಬಚ್ಚಲ ಮುಂದಿನ ಓಣಿಯಂಥ ಜಾಗದಲ್ಲಿ ಇಟ್ಟಿದ್ದೇನೆ. ಅಡ್ಡಕ್ಕೆ ಹಳೇ ಮಂಚದ ಹಲಗೆ. ಆ ತುದಿಗೆ ಪೇಪರು, ಈ ತುದಿಗೆ ನೀರು, ನಡುವೆ ಗೋಣಿ ಮತ್ತು ಹೇಗೂ ಹಾಳಾದ ಆ ಚಪ್ಪಲಿ. ಬೋನು ಕೆಟ್ಟದ್ದೇನಲ್ಲ, ನೆಲ ಒರೆಸುವ ಅರ್ಧ ಗಂಟೆಗೆ, ಸೂಜಿ ಹಾಕಿಸಲು ಆಟೋದಲ್ಲಿ ಒಯ್ಯಲು ಬೇಕಾದೀತು, ಬಾಗಿಲನ್ನು ಎಸೆದಿಲ್ಲ. ಎದುರುಮನೆ ಅಕ್ಕ ದಿನವೆಲ್ಲ ಹೂ ಕಟ್ಟುತ್ತ ಮನೆಯಲ್ಲೇ ಇರುತ್ತಾರೆ. ಬೀಗದ ಕೈ ಅವರ ಹತ್ತಿರ. ಹತ್ತಕ್ಕೊಮ್ಮೆ, ಒಂದಕ್ಕೊಮ್ಮೆ ಬಂದು ನೋಡುತ್ತೇನೆಂದು ಒಪ್ಪಿದ್ದಾರೆ. “ಅತ್ತರೆ ತಕ್ಷಣ ಓಡಿ ಬರಬೇಡಿ ಅಕ್ಕ, ಅಭ್ಯಾಸ ಆಗಲಿ” ಎಂದು ನಾನು ಎರಡು ಸಲ ಹೇಳಿದ್ದೇನೆ. ಆಗಲಪ್ಪಾ ಎಂದು ಎರಡು ಸಲವೂ ತಲೆಯಾಡಿಸಿದ್ದಾರೆ.

ಹೊರಡೋಣ. ಮುದ್ದು ಮಾಡಬೇಡಿ, ತಿರುಗಿ ನೋಡಬೇಡಿ. ಬೀಗ ತಿರುಗಿತು. ಹಲಗೆಗೆ ಉಗುರು ತಾಗಿದ ಸದ್ದು, ಒಂದು ಸಲ. ನಡೆಯಿರಿ.

ರೈಲು ಹತ್ತು ನಿಮಿಷ ತಡ. ಬಾಗಿಲ ಬಳಿ ನಿಂತಿದ್ದೇವೆ, ಹೆಂಚಿನ ಕಾರ್ಖಾನೆಯ ಹೊಗೆಗೂಡು ಹಿಂದೆ ಸರಿಯುತ್ತದೆ. ದೇವನಗೊಂದಿಯಲ್ಲಿ ಗಾಡಿ ನಿಂತಾಗ ಫೋನು. ಅಕ್ಕನದು.

“ಏನಪ್ಪಾ, ಬೈಬೇಡ. ಸ್ವಲ್ಪ ಹೊತ್ತು ಅತ್ತ. ತಡ್ಕೊಳ್ಳೋಕೆ ಆಗ್ಲಿಲ್ಲ, ಎತ್ಕೊಂಡು ಬಂದ್ಬಿಟ್ಟೆ. ಇಲ್ಲೇ, ಸೇವಂತಿಗೆ ಬುಟ್ಟಿ ಪಕ್ಕ ಮಲಗವ್ನೆ.”