ಗ್ರೀನ್ ಬೇ: ಊರೇ ಒಡೆಯನಾದ ತಂಡ

ಅಮೆರಿಕದ ಭೂಪಟದಲ್ಲಿ ಮಿಷಿಗನ್ ಸರೋವರದ ಪಶ್ಚಿಮ ದಂಡೆಯ ಮೇಲೆ ಬೆರಳಿಟ್ಟು ಉತ್ತರಕ್ಕೆ ಸಾಗಿದರೆ, ನೆಲದೊಳಕ್ಕೆ ಚಾಚಿಕೊಂಡ ನೀಳವಾದ ಕೊಲ್ಲಿಯೊಂದು ಸಿಗುತ್ತದೆ. ಆ ಕೊಲ್ಲಿಯ ತುದಿಯಲ್ಲಿ, ಫಾಕ್ಸ್ ನದಿ ಬಂದು ಸೇರುವಲ್ಲಿ ಇರುವ ಊರೇ ಗ್ರೀನ್ ಬೇ. ವಿಸ್ಕಾನ್ಸಿನ್ ರಾಜ್ಯದ ಈ ಊರಿನ ಜನಸಂಖ್ಯೆ 2020ರ ಜನಗಣತಿಯಂತೆ ಸುಮಾರು 1 ಲಕ್ಷ 7 ಸಾವಿರ. ಕಾಗದದ ಗಿರಣಿಗಳು, ಮಾಂಸ ಸಂಸ್ಕರಣೆಯ ಕಾರ್ಖಾನೆಗಳು, ಸುತ್ತಮುತ್ತ ಹೈನುಗಾರಿಕೆಯ ಹಳ್ಳಿಗಳು, ತಿಂಗಳುಗಟ್ಟಲೆ ಹಿಮ. ಇಷ್ಟೇ ಆಗಿದ್ದರೆ ಹೊರಗಿನವರು ಈ ಊರಿನ ಹೆಸರು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಆದರೆ ಊರಿನ ಮನೆಗಳ ಸಾಲಿನ ನಡುವೆ, ಯಾವುದೋ ಹಡಗು ದಾರಿ ತಪ್ಪಿ ಬಂದು ನಿಂತಂತೆ, ಒಂದು ಬೃಹತ್ ಕ್ರೀಡಾಂಗಣ ತಲೆಯೆತ್ತಿದೆ. ಅದರ ಹೆಸರು ಲ್ಯಾಂಬೋ ಫೀಲ್ಡ್. ಅದರಲ್ಲಿ 81,441 ಮಂದಿ ಕೂರಬಹುದು. ಅಂದರೆ ಊರಿನ ನಾಲ್ವರಲ್ಲಿ ಮೂವರಿಗೆ ಅಲ್ಲಿ ಜಾಗವಿದೆ! ಅದು ‘ಗ್ರೀನ್ ಬೇ ಪ್ಯಾಕರ್ಸ್’ ಎಂಬ ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡದ ಮನೆ.

ಕಾಲಿನಿಂದ ಒದೆಯುವ ಫುಟ್‌ಬಾಲ್ ಇದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟವಿದು. ಪ್ರತಿ ತಂಡದಿಂದ 11 ಮಂದಿ ಕಣಕ್ಕಿಳಿಯುತ್ತಾರೆ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ. ಹೀಗೆ 100 ಗಜದ ಅಂಗಳವನ್ನು ಗಜ ಗಜವಾಗಿ ಗೆಲ್ಲಬೇಕು. ರಾಷ್ಟ್ರೀಯ ಲೀಗ್‌ನಲ್ಲಿರುವ 32 ತಂಡಗಳಲ್ಲಿ ಹೆಚ್ಚಿನವು ನ್ಯೂಯಾರ್ಕ್, ಷಿಕಾಗೋ, ಲಾಸ್ ಏಂಜಲೀಸ್‌ನಂಥ ಮಹಾನಗರಗಳವು. ಅವುಗಳ ಒಡೆಯರು ಕೋಟ್ಯಧೀಶರು. ಆ ಪಂಕ್ತಿಯಲ್ಲಿ ಗ್ರೀನ್ ಬೇಗೂ ಒಂದು ಎಲೆ ಬಿದ್ದದ್ದು ಹೇಗೆ? ಅಭಿಮಾನಿಗಳಿಂದ ಎಂಬುದೇ ಅದಕ್ಕೆ ಉತ್ತರ.

ಟೋಪಿ ಹಿಡಿದು ಹೊರಟವರು

1919ರ ಆಗಸ್ಟ್‌ನಲ್ಲಿ ಊರಿನ ಪತ್ರಿಕಾ ಕಚೇರಿಯೊಂದರಲ್ಲಿ ಸೇರಿದ ಯುವಕರು ಈ ತಂಡ ಕಟ್ಟಿದರು. ಮುಂದಾಳುಗಳು ಇಬ್ಬರು: ಆಟಗಾರ ಕರ್ಲಿ ಲ್ಯಾಂಬೋ ಮತ್ತು ಪತ್ರಕರ್ತ ಜಾರ್ಜ್ ಕ್ಯಾಲ್ಹೂನ್. ಲ್ಯಾಂಬೋ ಕೆಲಸಕ್ಕಿದ್ದ ‘ಇಂಡಿಯನ್ ಪ್ಯಾಕಿಂಗ್ ಕಂಪೆನಿ’ ಎಂಬ ಮಾಂಸದ ಕಾರ್ಖಾನೆ ಸಮವಸ್ತ್ರ, ಸಲಕರಣೆಗಳಿಗಾಗಿ 500 ಡಾಲರ್ ಕೊಟ್ಟಿತು. ಮಾಂಸವನ್ನು ಡಬ್ಬಿಗೆ ತುಂಬುವವರ ಹಣ ಬಂದದ್ದರಿಂದ ತಂಡಕ್ಕೆ ‘ಪ್ಯಾಕರ್ಸ್’ ಎಂಬ ಹೆಸರು ಬಂತು. ಕಾರ್ಖಾನೆ ಹೋಯಿತು, ಹೆಸರು ಉಳಿಯಿತು.

ಆಗ ಮೈದಾನಕ್ಕೆ ಬೇಲಿಯೂ ಇರಲಿಲ್ಲ, ಟಿಕೆಟ್ಟೂ ಇರಲಿಲ್ಲ. ಆಟ ನಡೆಯುವಾಗ ಕ್ಯಾಲ್ಹೂನ್ ಪ್ರೇಕ್ಷಕರ ನಡುವೆ ಟೋಪಿ ಹಿಡಿದು ಸುತ್ತುತ್ತಿದ್ದರು. ಟೋಪಿ ಹಾಕಲಿಲ್ಲ, ಟೋಪಿ ಒಡ್ಡಿದರು! ಬಿದ್ದ ಚಿಲ್ಲರೆಯೇ ತಂಡದ ವರಮಾನ.

1921ರಲ್ಲಿ ತಂಡ ಲೀಗ್ ಸೇರಿತು. ಮರುವರ್ಷ ಮಳೆಯಿಂದಾಗಿ ಜನ ಬರದೆ ಸಾಲ ಏರಿತು. ಊರಿನ ವರ್ತಕರು ಮುಂದೆ ಬಂದು, 1923ರಲ್ಲಿ 5 ಡಾಲರಿಗೊಂದರಂತೆ ಷೇರು ಮಾರಿ, ಲಾಭದಾಸೆಯಿಲ್ಲದ ಸಂಸ್ಥೆಯಾಗಿ ತಂಡವನ್ನು ನೋಂದಾಯಿಸಿದರು. ನಂತರ ಪ್ರೇಕ್ಷಕನೊಬ್ಬ ಕೂರುವ ಕಟ್ಟೆಯಿಂದ ಬಿದ್ದು ಮೊಕದ್ದಮೆ ಗೆದ್ದಾಗ, ವಿಮಾ ಕಂಪೆನಿಯೂ ದಿವಾಳಿಯೆದ್ದು ತಂಡ ಮುಳುಗುವಂತಾಯಿತು. 1935ರಲ್ಲಿ ಮತ್ತೆ ಷೇರು ಮಾರಿ 15 ಸಾವಿರ ಡಾಲರ್ ಕೂಡಿಸಿ ಊರು ಅದನ್ನು ಮೇಲೆತ್ತಿತು.

ಸ್ಥಾಪಕನಿಗೇ ಬೇಡವೆಂದರು

ನಿಜವಾದ ಪರೀಕ್ಷೆ ಬಂದದ್ದು 1949ರಲ್ಲಿ. ಆ ವೇಳೆಗೆ ಲ್ಯಾಂಬೋ ತಂಡಕ್ಕೆ ಆರು ಲೀಗ್ ಪ್ರಶಸ್ತಿಗಳನ್ನು ಗೆದ್ದುಕೊಟ್ಟಿದ್ದರು. ಆದರೆ ಕೈಯಲ್ಲಿ ಕಾಸಿರಲಿಲ್ಲ. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ತಂಡದವರೇ ಎರಡು ಪಾಳಿಯಾಗಿ ತಮ್ಮತಮ್ಮಲ್ಲೇ ಆಡಿದರು; ಊರಿನವರು ಹಿಮದಲ್ಲಿ ಕುಳಿತು ನೋಡಿ ಸುಮಾರು 50 ಸಾವಿರ ಡಾಲರ್ ಕೂಡಿಸಿದರು.

ಲ್ಯಾಂಬೋ ಬೇರೊಂದು ದಾರಿ ಹೇಳಿದರು. ಹಣವಂತರು ಕೆಲವರು ಬಂಡವಾಳ ಹಾಕಲು ಸಿದ್ಧ. ಆದರೆ ತಂಡವನ್ನು ಲಾಭದ ಕಂಪೆನಿಯಾಗಿ ಬದಲಿಸಬೇಕು. ಆಡಳಿತ ಮಂಡಳಿ ಒಪ್ಪಲಿಲ್ಲ. ತಂಡವನ್ನು ಹುಟ್ಟುಹಾಕಿ ಮೂರು ದಶಕ ಬೆಳೆಸಿದ ಮನುಷ್ಯ 1950ರ ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟು ಷಿಕಾಗೋದ ತಂಡವೊಂದಕ್ಕೆ ಹೊರಟುಹೋದರು. ಅದೇ ವರ್ಷ ಊರು ಮೂರನೆಯ ಬಾರಿ ಷೇರು ಮಾರಿತು. ಬೆಲೆ 25 ಡಾಲರ್. ಒಬ್ಬರಿಗೆ 200ಕ್ಕಿಂತ ಹೆಚ್ಚು ಇಲ್ಲ. 1 ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. ತಂಡ ಉಳಿಯಿತು, ಊರಿನದ್ದಾಗಿಯೇ ಉಳಿಯಿತು.

ಊರಿನವರು ಲ್ಯಾಂಬೋ ಅವರನ್ನು ಮರೆಯಲಿಲ್ಲ. 1957ರಲ್ಲಿ ಕಟ್ಟಿದ ಹೊಸ ಕ್ರೀಡಾಂಗಣಕ್ಕೆ, 1965ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಹೆಸರನ್ನೇ ಇಟ್ಟರು.

ಆ ಕ್ರೀಡಾಂಗಣದ ಕಥೆಯೂ ಸ್ವಾರಸ್ಯದ್ದು. ಅದಕ್ಕಾಗಿ ನಗರ ಸಾಲ ಎತ್ತಬೇಕೇ ಎಂದು 1956ರಲ್ಲಿ ಜನಮತ ನಡೆಯಿತು. ಆಗ ಊರಿಗೆ ಬಂದು, ಕಟ್ಟಿರೆಂದು ಭಾಷಣ ಮಾಡಿದವರಲ್ಲಿ ಷಿಕಾಗೋ ಬೇರ್ಸ್‌ನ ಒಡೆಯ ಜಾರ್ಜ್ ಹಾಲಾಸ್ ಒಬ್ಬರು. ಬೇರ್ಸ್ ಎಂದರೆ ಪ್ಯಾಕರ್ಸ್‌ಗೆ ಹಾವು ಮುಂಗುಸಿಯ ಸಂಬಂಧ. ಆದರೂ ಎದುರಾಳಿ ಸತ್ತರೆ ಆಟವೇ ಸಪ್ಪೆ ಎಂಬುದು ಆ ಹಿರಿಯನಿಗೆ ಗೊತ್ತಿತ್ತು. ಕ್ರೀಡಾಂಗಣ ಬೇಕೆಂದವರ ಮತ ಬೇಡವೆಂದವರ ಎರಡು ಪಟ್ಟಿಗೂ ಮಿಕ್ಕಿತು.

ಗೆದ್ದಾಗ ಎಲ್ಲರೂ ನೆಂಟರು

1959ರಲ್ಲಿ ತರಬೇತುದಾರರಾಗಿ ಬಂದ ವಿನ್ಸ್ ಲೊಂಬಾರ್ಡಿ ಏಳು ವರ್ಷಗಳಲ್ಲಿ ಐದು ಪ್ರಶಸ್ತಿ ಗೆದ್ದುಕೊಟ್ಟರು. 1967ರ ಡಿಸೆಂಬರ್ 31ರಂದು ಡಲ್ಲಾಸ್ ತಂಡದೊಡನೆ ನಡೆದ ಅಂತಿಮ ಪಂದ್ಯ ‘ಐಸ್ ಬೌಲ್’ ಎಂದೇ ಪ್ರಸಿದ್ಧ. ಅಂದಿನ ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಸೆಲ್ಷಿಯಸ್ ಕೆಳಗೆ. ನೆಲ ಬೆಚ್ಚಗಿಡಲು ಹುಲ್ಲಿನಡಿ ಹೂಳಿದ್ದ ವಿದ್ಯುತ್ ತಂತಿಗಳು ಕೈಕೊಟ್ಟವು. ತೀರ್ಪುಗಾರರ ಸೀಟಿಗಳು ಹೆಪ್ಪುಗಟ್ಟಿದವು. ಹಾಗಿದ್ದೂ 50 ಸಾವಿರ ಮಂದಿ ಕಂಬಳಿ ಹೊದ್ದು ಕುಳಿತಿದ್ದರು. ಆಟ ಮುಗಿಯಲು 13 ಸೆಕೆಂಡು ಉಳಿದಿದ್ದಾಗ ನಾಯಕ ಬಾರ್ಟ್ ಸ್ಟಾರ್ ಚೆಂಡನ್ನಪ್ಪಿ ಗೆರೆಯಾಚೆ ಬಿದ್ದರು. 21-17ರಿಂದ ಗೆಲುವು.

ಗೆದ್ದಾಗ ಎಲ್ಲರೂ ನೆಂಟರೇ. ಸೋತಾಗ ಉಳಿಯುವವನೇ ಅಭಿಮಾನಿ. 1968ರಿಂದ 1992ರವರೆಗಿನ 25 ಋತುಗಳಲ್ಲಿ ಪ್ಯಾಕರ್ಸ್ ನಾಕ್‌ಔಟ್ ಹಂತ ತಲುಪಿದ್ದು ಎರಡೇ ಬಾರಿ, 1972 ಮತ್ತು 1982ರಲ್ಲಿ. ಒಂದು ತಲೆಮಾರು ಹುಟ್ಟಿ, ಓದಿ, ಕೆಲಸಕ್ಕೆ ಸೇರುವಷ್ಟು ಕಾಲ! ಆ ಅವಧಿಯಲ್ಲೂ ಅಂಗಣ ಖಾಲಿಯಾಗಲಿಲ್ಲ. ಲ್ಯಾಂಬೋ ಫೀಲ್ಡ್‌ನ ಲೀಗ್ ಪಂದ್ಯಗಳ ಸೀಟುಗಳು 1960ರಿಂದಲೂ, 2020ರ ಕೊರೊನಾ ಕಾಲ ಬಿಟ್ಟರೆ, ಸೀಸನ್ ಟಿಕೆಟ್ಟಾಗಿ ಮೊದಲೇ ಮಾರಾಟವಾಗುತ್ತ ಬಂದಿವೆ. ಟಿಕೆಟ್ಟಿಗಾಗಿ ಹೆಸರು ಬರೆಸಿ ಕಾಯುತ್ತಿರುವವರು 1 ಲಕ್ಷ 40 ಸಾವಿರಕ್ಕೂ ಹೆಚ್ಚು. ಸರದಿ ಬರಲು ಮೂರು ದಶಕವಾದರೂ ಬೇಕು. ಹಾಗಾಗಿ ಮಗು ಹುಟ್ಟಿದೊಡನೆ ಅದರ ಹೆಸರನ್ನು ಪಟ್ಟಿಗೆ ಸೇರಿಸುವ ತಂದೆ ತಾಯಿಗಳಿದ್ದಾರೆ. ಟಿಕೆಟ್ಟನ್ನು ಉಯಿಲಿನಲ್ಲಿ ಮಕ್ಕಳಿಗೆ ಬರೆದಿಡುವ ಅಜ್ಜಂದಿರೂ ಇದ್ದಾರೆ.

ಚಳಿಗಾಲದಲ್ಲಿ ಪಂದ್ಯಕ್ಕೆ ಮುನ್ನ ಹಿಮ ಬಿದ್ದರೆ ಕಟ್ಟೆಗಳ ಮೇಲಿನ ಹಿಮ ತೆಗೆಯಲು ತಂಡ ಊರಿನವರನ್ನು ಕರೆಯುತ್ತದೆ. ಸಲಿಕೆ ಹಿಡಿದು ನೂರಾರು ಮಂದಿ ನಸುಕಿನಲ್ಲೇ ಸಾಲು ನಿಲ್ಲುತ್ತಾರೆ. ಗಂಟೆಯ ಲೆಕ್ಕದಲ್ಲಿ ಕೂಲಿ ಸಿಗುತ್ತದೆ, ನಿಜ. ಆದರೆ ಕೂಲಿಗಾಗಿ ಮಾತ್ರ ಯಾರೂ ಆ ಚಳಿಯಲ್ಲಿ ಏಳುವುದಿಲ್ಲ. ಪಂದ್ಯದ ದಿನ ಅಕ್ಕಪಕ್ಕದ ಮನೆಯವರು ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ನಾಲ್ಕು ಕಾಸು ಮಾಡಿಕೊಳ್ಳುತ್ತಾರೆ. ಕಾರಿನ ಹಿಂಬಾಗಿಲು ತೆರೆದು, ಒಲೆ ಹೂಡಿ, ಸಾಸೇಜು ಸುಡುತ್ತ ಜಾತ್ರೆ ಸೇರುತ್ತದೆ. ಹಾಲು, ಚೀಸ್ ಹೆಚ್ಚಿರುವ ವಿಸ್ಕಾನ್ಸಿನ್‌ನವರನ್ನು ನೆರೆ ರಾಜ್ಯದವರು ‘ಚೀಸ್‌ಹೆಡ್’ ಎಂದು ಹಂಗಿಸುತ್ತಿದ್ದರು. ಈಗ ಅಭಿಮಾನಿಗಳೇ ಚೀಸ್ ತುಂಡಿನಾಕಾರದ ಹಳದಿ ಸ್ಪಂಜಿನ ಟೋಪಿ ಧರಿಸಿ ಬರುತ್ತಾರೆ. ಬೈಗುಳವನ್ನೇ ಕಿರೀಟ ಮಾಡಿಕೊಂಡ ಜನ!

ರಾತ್ರೋರಾತ್ರಿ ಹೋದ ತಂಡಗಳು

ಇಷ್ಟೇ ಪ್ರೀತಿ ಬೇರೆ ಊರುಗಳಲ್ಲೂ ಇತ್ತು. ಬಾಲ್ಟಿಮೋರ್‌ನ ‘ಕೋಲ್ಟ್ಸ್’ ತಂಡವನ್ನು ಅದರ ಒಡೆಯ 1984ರ ಮಾರ್ಚ್‌ನ ಒಂದು ರಾತ್ರಿ ಲಾರಿಗಳಿಗೆ ತುಂಬಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದರು. ಬೆಳಗಾದಾಗ ಊರಿಗೆ ತಂಡವಿರಲಿಲ್ಲ. 1995ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ‘ಬ್ರೌನ್ಸ್’ ಒಡೆಯರು ತಂಡವನ್ನು ಬಾಲ್ಟಿಮೋರ್‌ಗೆ ಒಯ್ಯುವುದಾಗಿ ಸಾರಿದರು. ಕಳೆದುಕೊಂಡಿದ್ದ ಊರು ಇನ್ನೊಂದು ಊರಿನದನ್ನು ಪಡೆಯಿತು. ಕ್ಲೀವ್‌ಲ್ಯಾಂಡ್‌ನವರು ಹೋರಾಡಿ ಹೆಸರು, ಬಣ್ಣ, ದಾಖಲೆಗಳನ್ನಷ್ಟೇ ಉಳಿಸಿಕೊಂಡರು; ಹೊಸ ತಂಡಕ್ಕಾಗಿ 1999ರವರೆಗೆ ಕಾದರು. ಅಭಿಮಾನ ಎಷ್ಟಿದ್ದರೇನು, ಬೀಗದ ಕೈ ಇನ್ನೊಬ್ಬರ ಸೊಂಟದಲ್ಲಿದ್ದರೆ?

ಗ್ರೀನ್ ಬೇಯಲ್ಲಿ ಆ ಬೀಗದ ಕೈ ಐದು ಲಕ್ಷಕ್ಕೂ ಹೆಚ್ಚು ಷೇರುದಾರರ ಬಳಿ ಇದೆ. 1997, 2011 ಮತ್ತು 2021ರಲ್ಲಿ ಮತ್ತೆ ಷೇರು ಮಾರಾಟ ಆರಂಭಿಸಲಾಯಿತು. ಕೊನೆಯ ಬಾರಿ ಬೆಲೆ 300 ಡಾಲರ್. ಈ ಷೇರಿಗೆ ಲಾಭಾಂಶವಿಲ್ಲ. ಪೇಟೆಯಲ್ಲಿ ಮಾರುವಂತಿಲ್ಲ. ಟಿಕೆಟ್ಟಿನ ಸರದಿಯಲ್ಲಿ ಇದರಿಂದ ಒಂದು ಹೆಜ್ಜೆಯೂ ಮುಂದೆ ಹೋಗಲಾಗದು. ಸಿಗುವುದು ಗೋಡೆಗೆ ತೂಗುಹಾಕಲು ಒಂದು ಪ್ರಮಾಣಪತ್ರ, ವಾರ್ಷಿಕ ಸಭೆಯಲ್ಲಿ ಒಂದು ಮತ. ತಂಡ ಮಾರಾಟವಾದರೂ ಹಣ ದಾನದತ್ತಿಗೆ ಸೇರಬೇಕೆಂದು ನಿಯಮವಿರುವುದರಿಂದ ಮಾರಿ ಲಾಭ ಪಡೆಯುವ ಆಸೆಗೂ ಅವಕಾಶವಿಲ್ಲ.

ಎಲ್ಲವೂ ಪ್ರೀತಿಯಿಂದಲೇ ನಡೆಯಿತೆಂದರೆ ಪೂರ್ತಿ ಸತ್ಯವಾಗದು. 1960ರ ದಶಕದ ಆರಂಭದಿಂದ ಲೀಗ್ ತನ್ನ ರಾಷ್ಟ್ರೀಯ ಟೆಲಿವಿಷನ್ ಆದಾಯವನ್ನು ಎಲ್ಲ ತಂಡಗಳಿಗೂ ಸಮನಾಗಿ ಹಂಚುತ್ತಿದೆ. ನ್ಯೂಯಾರ್ಕ್‌ಗೆ ಸಿಕ್ಕಷ್ಟೇ ಗ್ರೀನ್ ಬೇಗೂ. ಆ ವ್ಯವಸ್ಥೆ ಇಲ್ಲದಿದ್ದರೆ ಬರಿಯ ಅಭಿಮಾನ ಬಹುಕಾಲ ಹೊಟ್ಟೆ ತುಂಬಿಸುತ್ತಿರಲಿಲ್ಲ. ಊರಿನಲ್ಲಿ ಭಿನ್ನಮತವೂ ಇದೆ. 2000ದಲ್ಲಿ ಕ್ರೀಡಾಂಗಣದ ನವೀಕರಣಕ್ಕಾಗಿ ಶೇಕಡ ಅರ್ಧದಷ್ಟು ಮಾರಾಟ ತೆರಿಗೆ ಹಾಕುವ ಜನಮತದಲ್ಲಿ ಪರವಾಗಿ ಬಂದದ್ದು ಶೇಕಡ 53 ಮತಗಳು ಮಾತ್ರ. ಆಟ ನೋಡದವರೂ ತೆರಿಗೆ ಕಟ್ಟಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಪ್ರಶ್ನೆಯನ್ನು ಬಹಿರಂಗವಾಗಿ ಕೇಳಿ, ಮತ ಎಣಿಸಿ ತೀರ್ಮಾನಿಸಲಾಯಿತು. ಲೀಗ್‌ನ ತಂಡಗಳಲ್ಲಿ ವರ್ಷ ವರ್ಷ ಲೆಕ್ಕಪತ್ರವನ್ನು ಜನರ ಮುಂದಿಡುವುದೂ ಪ್ಯಾಕರ್ಸ್ ಒಂದೇ.

ಲೀಗ್‌ನ ಈಗಿನ ನಿಯಮದಂತೆ ಇಂಥ ಸಾರ್ವಜನಿಕ ಒಡೆತನಕ್ಕೆ ಬೇರೆ ತಂಡಗಳಿಗೆ ಅವಕಾಶವಿಲ್ಲ. ಹಿಂದಿನಿಂದ ಬಂದದ್ದೆಂದು ಗ್ರೀನ್ ಬೇಗೆ ಮಾತ್ರ ವಿನಾಯಿತಿ.

ಸೈಕಲ್ ಕೊಡುವ ಮಕ್ಕಳು

ಈ ಊರಿಗೆ ಹೋಗುವವರು ಹಿಮದ ಕಾಲಕ್ಕೇ ಕಾಯಬೇಕಿಲ್ಲ. ಬೇಸಿಗೆಯಲ್ಲಿ, ಜುಲೈ ಕೊನೆಗೆ ತರಬೇತಿ ಶುರುವಾದಾಗ, ಲ್ಯಾಂಬೋ ಫೀಲ್ಡ್‌ನ ಹೊರಗೆ ಮಕ್ಕಳು ತಮ್ಮ ಸೈಕಲ್ ಹಿಡಿದು ನಿಂತಿರುತ್ತಾರೆ. ಅಭ್ಯಾಸದ ಮೈದಾನ ರಸ್ತೆಯಾಚೆ. ನೂರು ಕಿಲೋಗೂ ಮೀರಿದ ಆಟಗಾರ ಪುಟ್ಟ ಸೈಕಲ್ ಏರಿ, ಮೊಣಕಾಲು ಹ್ಯಾಂಡಲ್‌ಗೆ ತಾಗಿಸುತ್ತ ತುಳಿಯುತ್ತಾನೆ. ಸೈಕಲ್ಲಿನ ಮಾಲೀಕ ಅಥವಾ ಮಾಲೀಕಳು ಅವನ ಹೆಲ್ಮೆಟ್ ಹೊತ್ತು ಪಕ್ಕದಲ್ಲಿ ಓಡುತ್ತದೆ. ಲೊಂಬಾರ್ಡಿಯವರ ಕಾಲದಿಂದ ನಡೆದುಬಂದ ಪದ್ಧತಿಯಿದು.

ಮಕ್ಕಳು ಆಟದ ಹುಚ್ಚು ಹಿಡಿಸಿಕೊಂಡರೆ ಹೆತ್ತವರಿಗೆ ಕಳವಳ ಸಹಜ. ಗೋಡೆಯ ತುಂಬ ಆಟಗಾರರ ಚಿತ್ರ ಅಂಟಿಸುವುದು, ಸೋತಾಗ ಊಟ ಬಿಡುವುದು, ಎದುರಾಳಿಯನ್ನು ಬಯ್ಯುವುದು ಅಭಿಮಾನದ ಸುಲಭದ ಮುಖ. ಸಲಿಕೆ ಹಿಡಿದು ಹಿಮ ಎತ್ತುವುದು, ಸರದಿಯಲ್ಲಿ ಕಾಯುವುದು, ಲೆಕ್ಕ ಕೇಳುವುದು, 25 ವರ್ಷ ಸೋಲುಂಡೂ ಕುರ್ಚಿ ಬಿಡದಿರುವುದು ಅದರ ಕಷ್ಟದ ಮುಖ. ಗ್ರೀನ್ ಬೇಯ ಮಕ್ಕಳು ಈ ಎರಡನೆಯದನ್ನು ಕಲಿಯುವುದು ಮನೆಯಲ್ಲಿ ದೊಡ್ಡವರನ್ನು ನೋಡಿ. ಮೊದಲ ಪಾಠವಾಗಿ ಅವರು ಕೊಡುವುದು ತಮ್ಮ ಸೈಕಲ್ಲನ್ನು.